ನಾಲ್ಕು ಸೀಟಿನ ವಿಮಾನಕ್ಕೆ ಒಂದು ಅಕ್ಕಿ ಚೀಲ: ಸ್ವಯಂಸೇವಕ ಪೈಲಟ್‌ಗಳು ಮತ್ತು ಸರ್ವಿಸ್ ಕ್ಲಬ್‌ಗಳ ಕೆಲಸ ನಡೆಯುವುದು ಹೇಗೆ?

2024ರ ಸೆಪ್ಟೆಂಬರ್ ಕೊನೆಯ ವಾರ. ಹೆಲೀನ್ ಚಂಡಮಾರುತ ಅಮೆರಿಕದ ಫ್ಲೋರಿಡಾ ಕರಾವಳಿಗೆ ಬಡಿದು, ಮಾರನೇ ದಿನ ಒಳನಾಡಿನ ನಾರ್ತ್ ಕೆರೊಲಿನಾ ಬೆಟ್ಟಗಳ ಮೇಲೆ ಸುರಿಯಿತು. ಆಶ್‌ವಿಲ್ ಸುತ್ತಮುತ್ತಲ ಊರುಗಳ ಸೇತುವೆ, ರಸ್ತೆ ಕೊಚ್ಚಿಹೋದವು. ಟೆನೆಸ್ಸಿ ಕಡೆ ಹೋಗುವ ಐ-40 ಹೆದ್ದಾರಿಯ ಒಂದು ಬದಿ ನದಿಗೆ ಕುಸಿಯಿತು. ನಾರ್ತ್ ಕೆರೊಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2018ರ ಆಗಸ್ಟಿನಲ್ಲಿ ಕೊಡಗಿನ ಕಷ್ಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಜಾರಿದೆ, ರಸ್ತೆ ಇಲ್ಲ, ಆಚೆ ಊರಲ್ಲಿ ಜನ ಇದ್ದಾರೆ ಅಂತ ಗೊತ್ತು, ಅವರ ಹತ್ತಿರ ಹೋಗೋಕೆ ಆಗ್ತಿಲ್ಲ.

ಆ ವಾರ ಹಿಕರಿ, ಕಾಂಕರ್ಡ್‌ನಂಥ ಸಣ್ಣ ವಿಮಾನ ನಿಲ್ದಾಣಗಳಿಂದ ನಾಲ್ಕು ಸೀಟಿನ, ಆರು ಸೀಟಿನ ಪುಟ್ಟ ವಿಮಾನಗಳು ನೀರು, ಡೈಪರ್, ಔಷಧಿ ತುಂಬಿಕೊಂಡು ಬೆಟ್ಟದ ಕಡೆ ಹಾರತೊಡಗಿದವು. ಓಡಿಸಿದವರು ಸೈನಿಕರಲ್ಲ, ಸರ್ಕಾರಿ ನೌಕರರೂ ಅಲ್ಲ. ಊರಿನ ದಂತವೈದ್ಯರು, ಕಂಟ್ರಾಕ್ಟರ್‌ಗಳು, ನಿವೃತ್ತರು. ವಿಮಾನ ಅವರದೇ, ಪೆಟ್ರೋಲ್ ಖರ್ಚೂ ಅವರದೇ.

ಅದೇ ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿರುವ ನನ್ನ ಗೆಳೆಯರೊಬ್ಬರು ಫೋನ್ ಮಾಡಿ ಕೇಳಿದರು: "ನಾವು ಕನ್ನಡದವರು ಒಂದಷ್ಟು ಮನೆ ಸೇರಿ 25 ಕೆಜಿ ಅಕ್ಕಿ ಚೀಲ ಕೊಡೋಣ ಅಂತಿದೀವಿ. ವಿಮಾನಕ್ಕೆ ಹಾಕ್ಕೋತಾರಾ?" ಒಳ್ಳೆಯ ಪ್ರಶ್ನೆ. ಅದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ನನಗೆ ಆಗಲಿಲ್ಲ. ಆ ವಿಮಾನ ಎಷ್ಟು ಹೊರುತ್ತದೆ, ಯಾಕೆ ಹಾರುತ್ತದೆ, ಇಳಿದ ಕಡೆ ಯಾರು ಕಾಯುತ್ತಿರುತ್ತಾರೆ, ಇದೆಲ್ಲ ಗೊತ್ತಾದರೆ ಉತ್ತರ ತಾನಾಗೇ ಸಿಗುತ್ತದೆ.

ಯಾರು ಯಾರು?

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಆಕಾಶದಲ್ಲಿ ಹೋಗುವ ವೈದ್ಯಕೀಯ ಸಹಾಯವನ್ನೆಲ್ಲ ಜನ ಏರ್ ಆಂಬುಲೆನ್ಸ್ ಅಂದುಬಿಡುತ್ತಾರೆ. ಏರ್ ಆಂಬುಲೆನ್ಸ್ ಅಂದರೆ ಐಸಿಯು ಸಲಕರಣೆ, ನರ್ಸ್, ಡಾಕ್ಟರ್, ಸಂಬಳದ ಪೈಲಟ್ ಎಲ್ಲ ಇರುವ ವಿಮಾನ ಅಥವಾ ಹೆಲಿಕಾಪ್ಟರ್. ಅದಕ್ಕೆ ಬಿಲ್ ಬರುತ್ತದೆ, ಭಾರಿ ಬಿಲ್ಲೇ ಬರುತ್ತದೆ.

ಇನ್ನೊಂದು ಬಗೆ ಫ್ಲೈಯಿಂಗ್ ಡಾಕ್ಟರ್ ಸೇವೆ. ಆಸ್ಟ್ರೇಲಿಯಾದಲ್ಲಿ 1928ರಲ್ಲಿ ಕ್ಲೋನ್‌ಕರಿ ಎಂಬ ಊರಿನಿಂದ ಶುರುವಾದದ್ದು ಇದರಲ್ಲಿ ಹೆಸರುವಾಸಿ. ಜಾನ್ ಫ್ಲಿನ್ ಎಂಬ ಪಾದ್ರಿ ಅದರ ಹಿಂದಿದ್ದವರು. ಅದೂ ಸಂಬಳದ ಸಿಬ್ಬಂದಿ ಇರುವ, ದಿನದ 24 ಗಂಟೆಯೂ ನಡೆಯುವ ಸಂಸ್ಥೆ.

ನಾವು ಇಲ್ಲಿ ಮಾತಾಡುತ್ತಿರುವುದು ಮೂರನೇ ಬಗೆಯ ಬಗ್ಗೆ. ಹವ್ಯಾಸಕ್ಕೆ ವಿಮಾನ ಕಲಿತವರು ತಮ್ಮ ವಿಮಾನ, ತಮ್ಮ ರಜಾದಿನ, ತಮ್ಮ ದುಡ್ಡು ಹಾಕಿ ಮಾಡುವ ಹಾರಾಟ. ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಸಾಕು. ಸಂಬಳಕ್ಕೆ ಹಾರಿಸುವ ಕಮರ್ಷಿಯಲ್ ಲೈಸೆನ್ಸಿಗೆ ಸಾಮಾನ್ಯವಾಗಿ 250 ಗಂಟೆ ಬೇಕು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಸುರಕ್ಷತೆಯ ಮಾತು ಬಂದಾಗ ಬೇಕಾಗುತ್ತದೆ.

ಇನ್ನು ಸರ್ವಿಸ್ ಕ್ಲಬ್. ಇದು ನಮಗೆ ಹೊಸದೇನಲ್ಲ. ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್ ತಂಗುದಾಣದ ಮೇಲೋ, ಶಾಲೆಯ ಕುಡಿಯುವ ನೀರಿನ ತೊಟ್ಟಿಯ ಮೇಲೋ ಹಲ್ಲಿನ ಚಕ್ರದ ಗುರುತು ಕಾಣುತ್ತದೆ. ಅದು ರೋಟರಿ. ಎರಡು ಸಿಂಹದ ತಲೆ ಇದ್ದರೆ ಲಯನ್ಸ್. ರೋಟರಿ ಹುಟ್ಟಿದ್ದು 1905ರಲ್ಲಿ ಶಿಕಾಗೋದಲ್ಲಿ, ಪಾಲ್ ಹ್ಯಾರಿಸ್ ಎಂಬ ವಕೀಲರಿಂದ. ಸದಸ್ಯರ ಆಫೀಸುಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದರು, ಅದಕ್ಕೇ ಆ ಹೆಸರು. ಲಯನ್ಸ್ ಬಂದದ್ದು 1917ರಲ್ಲಿ. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಹೋಗಿ, ಕಣ್ಣಿಲ್ಲದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಇವತ್ತಿಗೂ ನಮ್ಮೂರುಗಳಲ್ಲಿ ಲಯನ್ಸ್ ಅಂದ ತಕ್ಷಣ ಕಣ್ಣಿನ ಶಿಬಿರ ನೆನಪಾಗುತ್ತದಲ್ವಾ, ಅದರ ಬೇರು ಅಲ್ಲಿದೆ.

ಈ ಕ್ಲಬ್‌ಗಳ ಸದಸ್ಯರು ಚಂದಾ ಕಟ್ಟುತ್ತಾರೆ, ಸಂಬಳ ತೆಗೆದುಕೊಳ್ಳುವುದಿಲ್ಲ. ಊರಿನ ಡಾಕ್ಟರ್, ಔಷಧಿ ಅಂಗಡಿಯವರು, ಲಾರಿ ಮಾಲೀಕರು, ಬ್ಯಾಂಕ್ ಮ್ಯಾನೇಜರ್, ಮೇಷ್ಟ್ರು ಎಲ್ಲ ಒಂದೇ ಕಡೆ ಸಿಗುತ್ತಾರೆ. ವಿಮಾನ ಇಟ್ಟುಕೊಂಡಿರುವ ರೋಟರಿ ಸದಸ್ಯರದೇ ಒಂದು ಅಂತರರಾಷ್ಟ್ರೀಯ ಬಳಗ ಕೂಡ 1965ರಿಂದ ಇದೆ.

ದೂಳುಗಾಳಿಯಿಂದ ಶುರುವಾದ ಕ್ಲಿನಿಕ್

ಈ ಕೆಲಸ ಹೇಗೆ ಬೆಳೆಯುತ್ತದೆ ಅನ್ನೋದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ್ದು. ಅಮೆರಿಕದ ಗಡಿಯಿಂದ ಕೆಳಕ್ಕೆ ಸಮುದ್ರದೊಳಗೆ ಚಾಚಿದ ಸಪೂರ ನೆಲ ಅದು. ಉದ್ದ ಸುಮಾರು 1,200 ಕಿಲೋಮೀಟರ್. ರಸ್ತೆಯಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೋಗುವುದಕ್ಕಿಂತ ದೂರ, ಬಹುಪಾಲು ಮರಳುಗಾಡು.

1961ರಲ್ಲಿ ಲಾ ಪಾಸ್ ಊರಿನಿಂದ ಸ್ಯಾನ್ ಡಿಯೆಗೊಗೆ ವಾಪಸಾಗುತ್ತಿದ್ದ ಒಂದು ಸಣ್ಣ ವಿಮಾನ ದೂಳುಗಾಳಿಗೆ ಸಿಕ್ಕಿ ಎಲ್ ರೊಸಾರಿಯೊ ಎಂಬ ಹಳ್ಳಿಯಲ್ಲಿ ಇಳಿಯಬೇಕಾಯಿತು. ಓಡಿಸುತ್ತಿದ್ದವರು ಐಲೀನ್ ಸಾಂಡರ್ಸ್, ಮಹಿಳೆಯರ ವಿಮಾನ ರೇಸ್ ಗೆದ್ದಿದ್ದ ಪೈಲಟ್. ಹಳ್ಳಿಯವರು ಊಟ ಕೊಟ್ಟು, ಮಲಗಲು ಜಾಗ ಕೊಟ್ಟು ನೋಡಿಕೊಂಡರು. ಆ ಋಣ ತೀರಿಸಬೇಕು ಅನ್ನಿಸಿ, ಕ್ರಿಸ್ಮಸ್ ಹೊತ್ತಿಗೆ ಬಟ್ಟೆ, ಆಟಿಕೆ ತುಂಬಿಕೊಂಡು ವಾಪಸು ಬಂದರು. ಜೊತೆಗೆ ಬಂದವರಲ್ಲಿ ಒಬ್ಬರು ಡಾಕ್ಟರ್. ಅದು ಗೊತ್ತಾದದ್ದೇ ತಡ, ಜನ ಸಾಲುಗಟ್ಟಿ ನಿಂತರು.

ಬಟ್ಟೆ ಹಂಚೋಕೆ ಬಂದವರಿಗೆ ಊರಿಗೆ ನಿಜವಾಗಿ ಏನು ಬೇಕು ಅನ್ನೋದು ಆ ಸಾಲು ನೋಡಿದ ಮೇಲೇ ಗೊತ್ತಾದದ್ದು. ಅಲ್ಲಿಂದ ಬೆಳೆದದ್ದೇ ಫ್ಲೈಯಿಂಗ್ ಸಮಾರಿಟನ್ಸ್ ಎಂಬ ಸಂಸ್ಥೆ. ಕ್ಯಾಲಿಫೋರ್ನಿಯಾ, ಅರಿಜೋನಾದ ಬೇರೆಬೇರೆ ಊರುಗಳಲ್ಲಿ ಅದರ ಶಾಖೆಗಳಿವೆ. ಒಂದೊಂದು ಶಾಖೆಯೂ ಬಾಹಾದ ಒಂದೊಂದು ಕ್ಲಿನಿಕ್ ಜವಾಬ್ದಾರಿ ಹೊರುತ್ತದೆ.

ಆಗ ವಿಮಾನವೇ ಯಾಕೆ ಬೇಕಿತ್ತು? ಬಾಹಾದ ಉದ್ದಕ್ಕೂ ಡಾಂಬರು ಹೆದ್ದಾರಿ ಮುಗಿದದ್ದು 1973ರಲ್ಲಿ. ಅದಕ್ಕೆ ಮುಂಚೆ ಎಲ್ ರೊಸಾರಿಯೊ ಕಡೆಗೆ ಕಲ್ಲುಮಣ್ಣಿನ ಜಾಡು. ಟ್ರಕ್ಕಿಗೆ ದಿನಗಟ್ಟಲೆ ಆಗುವ ದಾರಿಯನ್ನು ಸಣ್ಣ ವಿಮಾನ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಿತ್ತು. ಶನಿವಾರ ಬೆಳಿಗ್ಗೆ ಹೊರಟ ಡಾಕ್ಟರ್ ಸೋಮವಾರ ತಮ್ಮ ಆಸ್ಪತ್ರೆಯಲ್ಲಿ ಇರಬಹುದಿತ್ತು. ಸಮಯ ಉಳಿಯದಿದ್ದರೆ ಡಾಕ್ಟರ್ ಬರುತ್ತಲೇ ಇರಲಿಲ್ಲ, ವಿಷಯ ಅಷ್ಟೇ. ಈಗ ರಸ್ತೆ ಇದೆ, ಹಾಗಾಗಿ ಗಡಿಗೆ ಹತ್ತಿರದ ಟಿಹುವಾನಾ ಕ್ಲಿನಿಕ್‌ಗಳಿಗೆ ವಿದ್ಯಾರ್ಥಿ ತಂಡಗಳು ಕಾರಿನಲ್ಲೇ ಹೋಗುತ್ತವೆ. ಹೆಸರಲ್ಲಿ ಫ್ಲೈಯಿಂಗ್ ಇದ್ದರೂ ಚಕ್ರದ ಮೇಲೆ ಹೋಗುವುದು ನನಗೆ ಸರಿಯಾಗೇ ಕಾಣುತ್ತದೆ, ರೋಗಿಗೆ ಡಾಕ್ಟರ್ ಸಿಕ್ಕರೆ ಸಾಕು.

ಇಷ್ಟು ಸಣ್ಣ ವಿಮಾನ ಯಾಕೆ?

ಲಾರಿ ಮತ್ತು ಟಿವಿಎಸ್ ಎಕ್ಸ್‌ಎಲ್ ನೆನಪಿಸಿಕೊಳ್ಳಿ. ಲಾರಿ ಹತ್ತು ಟನ್ ಹೊರುತ್ತದೆ, ಹೊಲದ ಬದುವಿನ ಮೇಲೆ ಹೋಗಲ್ಲ. ಎಕ್ಸ್‌ಎಲ್ ಒಂದು ಮೂಟೆ ಹೊರುತ್ತದೆ, ಆದರೆ ತೋಟದ ಮನೆ ಬಾಗಿಲಿಗೇ ಹೋಗುತ್ತದೆ. ಸಣ್ಣ ವಿಮಾನ ಆಕಾಶದ ಎಕ್ಸ್‌ಎಲ್.

ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನ ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾಗಿರುವ ವಿಮಾನ. ಬೆಂಗಳೂರಿನ ಜಕ್ಕೂರಿನ ಮೇಲೆ ಗುಂಯ್ ಅಂತ ಸುತ್ತುವ ತರಬೇತಿ ವಿಮಾನಗಳನ್ನು ನೋಡಿದ್ದೀರಲ್ವಾ, ಅದೇ ಜಾತಿ. ಸಾಧಾರಣ ಹವೆಯಲ್ಲಿ ಸುಮಾರು 500 ಮೀಟರ್ ಜಾಗ ಇದ್ದರೆ ನೆಲದಿಂದ ಎದ್ದು ಎದುರಿನ ಮರ ದಾಟಬಲ್ಲದು. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಎರಡು ಕಿಲೋಮೀಟರಿಗೂ ಹೆಚ್ಚು ಗಟ್ಟಿ ರನ್‌ವೇ ಬೇಕು. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000. ಏರ್‌ಲೈನ್ ಸೇವೆ ಇರುವುದು ಅದರಲ್ಲಿ ಸುಮಾರು 500ಕ್ಕೆ ಮಾತ್ರ. ಮಿಕ್ಕ ಕಡೆಗೆಲ್ಲ ಇಂಥ ಪುಟ್ಟವೇ ಹೋಗಬೇಕು.

ದೊಡ್ಡ ಬಾಗಿಲು ಕಿಕ್ಕಿರಿದಾಗ ಸಣ್ಣ ಬಾಗಿಲು ಹೇಗೆ ಉಪಯೋಗಕ್ಕೆ ಬರುತ್ತದೆ ಅನ್ನೋದು ಹೈಟಿಯಲ್ಲಿ ಕಂಡಿತು. 2010ರ ಜನವರಿ 12ರ ಭೂಕಂಪದಲ್ಲಿ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ ಹಾಳಾಯಿತು. ಇದ್ದದ್ದು ಒಂದೇ ರನ್‌ವೇ. ಪ್ರಪಂಚದ ದೊಡ್ಡ ವಿಮಾನಗಳೆಲ್ಲ ಅಲ್ಲಿಗೇ ನುಗ್ಗಿದವು, ಇಳಿಯಲು ಸರದಿ ಕಾಯಬೇಕಾಯಿತು. ಅದೇ ಹೊತ್ತಿಗೆ ಸ್ವಯಂಸೇವಕ ಪೈಲಟ್‌ಗಳು ಫ್ಲೋರಿಡಾ, ಬಹಾಮಾಸ್ ಕಡೆಯಿಂದ ಹೊರಟು ದಕ್ಷಿಣದ ಜಾಕ್‌ಮೆಲ್‌ನಂಥ ಊರುಗಳ ಪುಟ್ಟ ರನ್‌ವೇ ಪಟ್ಟಿಗಳಲ್ಲಿ ಇಳಿದರು.

ಅಕ್ಕಿ ಚೀಲದ ಲೆಕ್ಕ

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಸೆಸ್ನಾ 172ರ ಹೊಸ ಮಾದರಿ ಎಲ್ಲ ಸೇರಿ ಗರಿಷ್ಠ 1,157 ಕೆಜಿ ತೂಗಬಹುದು. ಖಾಲಿ ವಿಮಾನವೇ ಸುಮಾರು 760 ಕೆಜಿ. ಉಳಿದದ್ದು 395 ಕೆಜಿ ಹತ್ತಿರ. ಟ್ಯಾಂಕ್ ತುಂಬಿಸಿದರೆ ಇಂಧನದ ತೂಕವೇ ಸುಮಾರು 145 ಕೆಜಿ. ಅಲ್ಲಿಗೆ ಮಿಕ್ಕಿದ್ದು 250 ಕೆಜಿ. ಅದರಲ್ಲಿ 75 ಕೆಜಿಯ ಪೈಲಟ್ ಕೂರಬೇಕು. ಸಾಮಾನಿಗೆ ಉಳಿಯಿತು 175 ಕೆಜಿ, ಅಂದರೆ ಏಳು ಅಕ್ಕಿ ಚೀಲ.

ನಾಲ್ಕು ಸೀಟು ಇದೆ ಅಂತ ನಾಲ್ಕು ಜನ ದೊಡ್ಡವರು ಟ್ಯಾಂಕ್ ತುಂಬಿಸಿಕೊಂಡು ಹೋಗೋಕೂ ಆಗಲ್ಲ, ಅವರ ತೂಕವೇ 300 ಕೆಜಿ ಆಗುತ್ತದೆ. ಜನ ಹೆಚ್ಚಿದರೆ ಇಂಧನ ಕಡಿಮೆ ಹಾಕಬೇಕು, ಇಂಧನ ಕಡಿಮೆಯಾದರೆ ದೂರ ಕಡಿಮೆ. ಪ್ರತಿ ಹಾರಾಟಕ್ಕೂ ಮುಂಚೆ ಪೈಲಟ್ ಇದನ್ನು ಕೂಡಿ ಕಳೆದು ನೋಡುತ್ತಾರೆ. ಡಾಕ್ಟರ್‌ಗಳನ್ನೂ ತೂಕ ಎಷ್ಟು ಅಂತ ಮುಲಾಜಿಲ್ಲದೆ ಕೇಳುತ್ತಾರೆ. ಅಲ್ಲಿ ಐದು ಕೆಜಿ ಮುಚ್ಚಿಟ್ಟು ಹೇಳುವುದು ತಪ್ಪು.

ತೂಕ ಎಷ್ಟು ಅನ್ನೋದರ ಜೊತೆಗೆ ಎಲ್ಲಿ ಅನ್ನೋದೂ ಮುಖ್ಯ. ಸೈಕಲ್ ಕ್ಯಾರಿಯರ್ ಮೇಲೆ ಭಾರದ ಮೂಟೆ ಇಟ್ಟರೆ ಮುಂದಿನ ಚಕ್ರ ಏಳುತ್ತದಲ್ವಾ? ವಿಮಾನದ ಬಾಲದ ಕಡೆ ಭಾರ ಜಾಸ್ತಿಯಾದರೂ ಹಾಗೇ, ಮೂತಿ ಮೇಲೇಳುತ್ತದೆ, ಗಾಳಿಯಲ್ಲಿ ಹಿಡಿತ ತಪ್ಪುತ್ತದೆ. ಇನ್ನು ಬಿಸಿಲು. ಬಿಸಿಗಾಳಿ ತೆಳು, ಬೆಟ್ಟದ ಮೇಲಿನ ಗಾಳಿ ಇನ್ನೂ ತೆಳು. ಎಂಜಿನ್‌ಗೂ ರೆಕ್ಕೆಗೂ ಹಿಡಿಯಲು ಗಾಳಿ ಸಾಲದೆ ಹೆಚ್ಚು ದೂರ ಓಡಿ ಏಳಬೇಕಾಗುತ್ತದೆ. ಬೆಳಿಗ್ಗೆ ಆರಾಮವಾಗಿ ಹಾರಿದ ಪಟ್ಟಿಯಿಂದಲೇ ಮಧ್ಯಾಹ್ನ ಅದೇ ಭಾರ ಹೊತ್ತು ಹಾರಲಾಗದಿರಬಹುದು.

ಹಾಗಾದರೆ 25 ಕೆಜಿಯಲ್ಲಿ ಏನು ಒಯ್ಯಬೇಕು? ಅಕ್ಕಿಯಾದರೆ ಒಂದು ಮನೆಗೆ ಎರಡು ಮೂರು ವಾರ. ಇನ್ಸುಲಿನ್ ಆದರೆ? ಹತ್ತು ಮಿಲಿಯ ಒಂದು ಪುಟ್ಟ ಬಾಟಲಿಯಲ್ಲಿ 1,000 ಯೂನಿಟ್ ಇರುತ್ತದೆ. ದಿನಕ್ಕೆ 30 ಯೂನಿಟ್ ಬೇಕಾದವರಿಗೆ ಸುಮಾರು ಒಂದು ತಿಂಗಳು. ತಂಪಿನ ಡಬ್ಬ, ಐಸ್ ಪ್ಯಾಕ್ ತೂಕ ಕಳೆದರೂ 25 ಕೆಜಿಯಲ್ಲಿ ನೂರಾರು ಬಾಟಲಿ ಹಿಡಿಸುತ್ತವೆ. ಹಾಗಾಗಿ ಹಗುರವಾದದ್ದು, ತುರ್ತಾದದ್ದು, ಬೇರೆ ದಾರಿಯಲ್ಲಿ ಬರದಿರುವುದು ಮೊದಲು ಹತ್ತುತ್ತದೆ. ಔಷಧಿ, ಮಗುವಿನ ಹಾಲಿನ ಪುಡಿ, ಬ್ಯಾಟರಿ, ಉಪಗ್ರಹ ಫೋನ್.

ಹತ್ತು ಟನ್‌ನ ಒಂದು ಲಾರಿ ತರುವುದನ್ನು ತರಲು ಈ ವಿಮಾನ 58 ಸಲ ಹಾರಬೇಕು. ರಸ್ತೆ ತೆರೆದ ಊರಿಗೆ ವಿಮಾನದಲ್ಲಿ ನೀರಿನ ಬಾಟಲಿ ಒಯ್ಯುವುದರಲ್ಲಿ ಅರ್ಥ ಇಲ್ಲ. ಈ ವಿಮಾನಗಳಿಂದ ಜಾಸ್ತಿ ಪ್ರಯೋಜನ ಮೊದಲ ಕೆಲವು ದಿನ, ಲಾರಿ ಬರುವ ತನಕ.

ಇಳಿದ ಮೇಲೆ?

ವಿಡಿಯೊಗಳಲ್ಲಿ ಕಾಣುವುದು ವಿಮಾನ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರನ್‌ವೇ ಅಂಚಲ್ಲಿ ಪಿಕಪ್ ನಿಲ್ಲಿಸಿಕೊಂಡು ಕಾಯುತ್ತಿರುವ ಊರಿನವರು. ಅವರಿಲ್ಲದಿದ್ದರೆ ಸಾಮಾನು ರನ್‌ವೇ ಪಕ್ಕದಲ್ಲೇ ಬಿಸಿಲಿಗೆ ಒಣಗುತ್ತಿರುತ್ತದೆ.

ತಿಂಗಳಿಗೊಮ್ಮೆ ನಡೆಯುವ ಕ್ಲಿನಿಕ್ ಒಂದನ್ನು ಕಲ್ಪಿಸಿಕೊಳ್ಳಿ. ಡಾಕ್ಟರ್ ಇರುವುದು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆ ಒಂದು ದಿನ ಸರಿಯಾಗಿ ನಡೆಯಬೇಕಾದರೆ ಮಿಕ್ಕ 29 ದಿನ ಯಾರೋ ದುಡಿದಿರಬೇಕು. ಯಾರಿಗೆ ಕಣ್ಣು ಮಂಜಾಗಿದೆ, ಯಾವ ಅಜ್ಜಿಯ ಬಿಪಿ ಮಾತ್ರೆ ಮುಗಿದಿದೆ, ಹೋದ ಸಲ ಹಲ್ಲು ಕೀಳಿಸಿಕೊಂಡವರಿಗೆ ಈಗ ಹೇಗಿದೆ ಅಂತ ಪಟ್ಟಿ ಮಾಡಿರಬೇಕು. ಬೆಟ್ಟದ ಮೇಲಿನ ಮನೆಗಳಿಗೆ ಸುದ್ದಿ ಮುಟ್ಟಿಸಿರಬೇಕು. ಭಾಷೆ ಬರುವವರು ಬೇಕು, ಯಾಕೆಂದರೆ ಎದೆ ಉರಿ ಅನ್ನೋದನ್ನು ಎದೆ ನೋವು ಅಂತ ಅನುವಾದ ಮಾಡಿದರೆ ಚಿಕಿತ್ಸೆಯೇ ಬೇರೆಯಾಗಿಬಿಡುತ್ತದೆ. ನೆರಳು, ನೀರು, ಕರೆಂಟ್, ಡಾಕ್ಟರಿಗೆ ಊಟ. ಈ ಕೆಲಸಗಳನ್ನು ಹೊರುವುದು ಊರಿನ ಸ್ವಯಂಸೇವಕರು, ಅಲ್ಲಿಯ ಕ್ಲಬ್‌ಗಳು, ಅಲ್ಲಿಯ ಆರೋಗ್ಯ ಕಾರ್ಯಕರ್ತೆಯರು.

ಒಂದೇ ಸಲ ಬಂದು ಹೋಗುವುದಕ್ಕೂ ತಿಂಗಳು ತಿಂಗಳೂ ಬರುವುದಕ್ಕೂ ತುಂಬ ವ್ಯತ್ಯಾಸ ಇದೆ. ಸಕ್ಕರೆ ಕಾಯಿಲೆಯವರಿಗೆ ಒಂದು ಸಲ ಒಂದು ತಿಂಗಳ ಮಾತ್ರೆ ಕೊಟ್ಟು ಮಾಯವಾದರೆ ಎರಡನೇ ತಿಂಗಳಿಂದ ಅವರು ಮೊದಲಿನ ಹಾಗೇ. ಕಣ್ಣಿನ ಪೊರೆಯ ಆಪರೇಷನ್ ಮಾಡಿದ ಮಾರನೇ ದಿನ ಪಟ್ಟಿ ಬಿಚ್ಚಿ ನೋಡುವವರು ಬೇಕು, ಕೀವಾದರೆ ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಬೇಕು. ಮೆಕ್ಸಿಕೊದ ಸಿನಲೋವಾ ಕಡೆಗೆ ಕ್ಯಾಲಿಫೋರ್ನಿಯಾದಿಂದ ಹೋಗುವ ಲೀಗಾ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1934ರಿಂದ ಇದೆ. ಕಣ್ಣಿನ ಪೊರೆ, ಸೀಳು ತುಟಿಯಂಥ ಆಪರೇಷನ್‌ಗಳನ್ನು ಮಾಡಿಕೊಂಡು ಬಂದಿದೆ. ಬಿಡದೆ ಮತ್ತೆ ಮತ್ತೆ ಅದೇ ಊರಿಗೆ ಹೋಗುವುದರಿಂದಲೇ ಅಂಥ ಕೆಲಸ ಸಾಧ್ಯ.

ಔಷಧಿ ವಿಷಯದಲ್ಲೂ ಕಟ್ಟುನಿಟ್ಟು ಇದೆ. ಮನೆಯಲ್ಲಿ ಉಳಿದ ಮಾತ್ರೆ ಕೊಟ್ಟುಬಿಡೋಣ ಅನ್ನಿಸೋದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ದಾನವಾಗಿ ಬರುವ ಔಷಧಿಗೆ ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಒಂದು ವರ್ಷವಾದರೂ ಅವಧಿ ಉಳಿದಿರಬೇಕು, ಅಲ್ಲಿಯ ವೈದ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಚೀಟಿ ಇರಬೇಕು. ಇಲ್ಲದಿದ್ದರೆ ಅದನ್ನು ವಿಂಗಡಿಸಿ ಸುಡುವ ಕೆಲಸ ಕಷ್ಟದಲ್ಲಿರುವ ಊರಿನ ಮೇಲೇ ಬೀಳುತ್ತದೆ.

ರೋಗಿಯನ್ನೇ ಕರೆದೊಯ್ಯುವುದು

ಡಾಕ್ಟರನ್ನು ಊರಿಗೆ ಒಯ್ಯುವುದು ಒಂದು ಬಗೆ. ರೋಗಿಯನ್ನು ದೊಡ್ಡಾಸ್ಪತ್ರೆಗೆ ಒಯ್ಯುವುದು ಇನ್ನೊಂದು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ 1983ರಿಂದ ನಡೆಯುತ್ತಿರುವ ಏಂಜೆಲ್ ಫ್ಲೈಟ್ ವೆಸ್ಟ್ ಇಂಥದ್ದು. ಕೀಮೋಥೆರಪಿಗೆ ಪದೇ ಪದೇ ಹೋಗಬೇಕಾದವರು, ದೂರದ ಊರಿನಲ್ಲಿ ಮಗುವಿಗೆ ಆಪರೇಷನ್ ಇರುವವರು, ಟಿಕೆಟ್ಟಿಗೆ ದುಡ್ಡಿಲ್ಲದವರು ಇದರ ಪ್ರಯಾಣಿಕರು.

ಇಲ್ಲೊಂದು ಷರತ್ತು ಇದೆ. ರೋಗಿ ತಾನೇ ವಿಮಾನ ಹತ್ತಿ, ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂರುವಂತಿರಬೇಕು. ದಾರಿಯಲ್ಲಿ ಚಿಕಿತ್ಸೆ ಬೇಕಾದವರಿಗೆ ಇದು ಆಗಲ್ಲ, ವಿಮಾನದಲ್ಲಿ ನರ್ಸ್ ಇರುವುದಿಲ್ಲ. ದೂರ ಜಾಸ್ತಿ ಇದ್ದರೆ ರಿಲೇ ಓಟದ ಹಾಗೆ: ಒಬ್ಬ ಪೈಲಟ್ ಅರ್ಧ ದಾರಿ ತಂದು ಇಳಿಸುತ್ತಾರೆ, ಅಲ್ಲಿ ಕಾಯುತ್ತಿರುವ ಇನ್ನೊಬ್ಬರು ಮುಂದಕ್ಕೆ ಒಯ್ಯುತ್ತಾರೆ. ನಿಲ್ದಾಣದಿಂದ ಆಸ್ಪತ್ರೆಗೆ ಕಾರಿನಲ್ಲಿ ಬಿಡಲೂ ಸ್ವಯಂಸೇವಕರು ಇರುತ್ತಾರೆ.

ದುಡ್ಡು ಯಾರದು?

ನಮ್ಮಲ್ಲಿ ಬಿಳಿ ಬೋರ್ಡ್ ಕಾರು, ಹಳದಿ ಬೋರ್ಡ್ ಕಾರು ಅಂತ ಇದೆಯಲ್ಲ. ಬಿಳಿ ಬೋರ್ಡಿನವರು ಬಾಡಿಗೆ ಹೊಡೆಯುವಂತಿಲ್ಲ. ಖಾಸಗಿ ಪೈಲಟ್ ಲೈಸೆನ್ಸ್ ಕೂಡ ಬಿಳಿ ಬೋರ್ಡ್. ಗೆಳೆಯರ ಜೊತೆ ಪೆಟ್ರೋಲ್ ಖರ್ಚು ಸಮನಾಗಿ ಹಂಚಿಕೊಳ್ಳಬಹುದು, ಪ್ರಯಾಣಿಕರಿಂದ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಬಹುತೇಕ ಸಲ ಪೂರ್ತಿ ಖರ್ಚು ಪೈಲಟ್‌ದೇ. ಸೆಸ್ನಾ 172 ಗಂಟೆಗೆ 30–35 ಲೀಟರ್ ಇಂಧನ ಕುಡಿಯುತ್ತದೆ. ಅದರ ಮೇಲೆ ರಿಪೇರಿ, ವಿಮೆ, ನಿಲ್ಲಿಸುವ ಬಾಡಿಗೆ. ಅಮೆರಿಕದಲ್ಲಿ ನೋಂದಾಯಿತ ಸೇವಾ ಸಂಸ್ಥೆಗಾಗಿ ಹಾರಿದರೆ ಇಂಧನದ ಖರ್ಚನ್ನು ದಾನ ಅಂತ ತೋರಿಸಿ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಪಡೆಯಬಹುದು, ಅಷ್ಟೇ.

ಕ್ಲಬ್‌ಗಳ ದುಡ್ಡಿನ ದಾರಿ ಬೇರೆ. ರೋಟರಿಯ ದೊಡ್ಡ ಅನುದಾನಕ್ಕೆ ಕನಿಷ್ಠ 30,000 ಡಾಲರ್‌ನ ಯೋಜನೆ ಇರಬೇಕು. ಕೆಲಸ ನಡೆಯುವ ದೇಶದ ಒಂದು ಕ್ಲಬ್ಬು, ಹೊರದೇಶದ ಒಂದು ಕ್ಲಬ್ಬು ಎರಡೂ ಸೇರಿ ಕೇಳಬೇಕು. ಈ ನಿಯಮ ನನಗೆ ತುಂಬ ಹಿಡಿಸುತ್ತದೆ. ಊರಲ್ಲೇ ಇರುವ ಯಾರಾದರೂ ಲೆಕ್ಕ ಹಿಡಿದು ನಿಂತಿರಲೇಬೇಕು ಅಂತ ಅದು ಹೇಳುತ್ತಿದೆ.

ಹಾರುವುದಿಲ್ಲ ಅನ್ನುವ ಧೈರ್ಯ

ಒಳ್ಳೆಯ ಕೆಲಸದಲ್ಲಿ ಒಂದು ಅಪಾಯ ಅಡಗಿದೆ. ಸುಮ್ನೆ ಖುಷಿಗೆ ಹಾರುವವರು ಮೋಡ ಕಂಡರೆ ಮನೆಗೆ ಹೋಗುತ್ತಾರೆ. ಅದೇ ಪೈಲಟ್‌ಗೆ, ನಾಳೆ ಮಗುವಿನ ಆಪರೇಷನ್ ಇದೆ, ತಾಯಿ ನಿಲ್ದಾಣದಲ್ಲಿ ಕಾಯುತ್ತಿದ್ದಾರೆ ಅಂತ ಗೊತ್ತಿದ್ದರೆ? ಹೇಗಾದರೂ ಹೋಗಿಬಿಡೋಣ ಅನ್ನಿಸುತ್ತದೆ.

ಬಹಳ ಖಾಸಗಿ ಪೈಲಟ್‌ಗಳಿಗೆ ಇರುವುದು ಕಣ್ಣಿಗೆ ನೆಲ, ದಿಗಂತ ಕಾಣುವಾಗ ಮಾತ್ರ ಹಾರಿಸುವ ಅನುಮತಿ. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರಿಸುವುದಕ್ಕೆ ಬೇರೆಯೇ ತರಬೇತಿ ಬೇಕು. ಚಾರ್ಮಾಡಿ ಘಾಟಿಯಲ್ಲಿ ಮಂಜು ಮುಸುಕಿದರೆ ಗಾಡಿ ಬದಿಗೆ ಹಾಕಿ ಕೂರಬಹುದು. ಆಕಾಶದಲ್ಲಿ ಬದಿಗೆ ಹಾಕೋಕೆ ಜಾಗ ಇಲ್ಲ. ದಿಗಂತ ಮರೆಯಾದರೆ ಒಳಗಿವಿ ಮೋಸ ಮಾಡುತ್ತದೆ. ವಿಮಾನ ಒಂದು ಕಡೆ ವಾಲಿ ಕೆಳಗೆ ಸುತ್ತುತ್ತಿದ್ದರೂ ನೆಟ್ಟಗೇ ಹೋಗುತ್ತಿದ್ದೇವೆ ಅನ್ನಿಸುತ್ತದೆ.

2017ರ ಜೂನ್ 28ರಂದು ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್‌ನಿಂದ ಅಡಿಲೇಡ್‌ಗೆ ಆಸ್ಪತ್ರೆಗೆಂದು ಹೊರಟ ಇಂಥದೊಂದು ವಿಮಾನ ಕೆಳಮೋಡದ ನಡುವೆ ಹಾರಿದ ಸ್ವಲ್ಪ ಹೊತ್ತಿಗೇ ಬಿತ್ತು. ಪೈಲಟ್ ಮತ್ತು ಇಬ್ಬರು ಪ್ರಯಾಣಿಕರು ತೀರಿಕೊಂಡರು. 2019ರಲ್ಲಿ ಬಂದ ಅಲ್ಲಿಯ ಸಾರಿಗೆ ಸುರಕ್ಷತಾ ಸಂಸ್ಥೆಯ ವರದಿ, ಏರ್‌ಲೈನ್ ವಿಮಾನ ಇರುವ ಊರುಗಳಿಂದ ರೋಗಿಗಳಿಗೆ ಅದರಲ್ಲೇ ಟಿಕೆಟ್ ಕೊಡಿಸುವುದು ಹೆಚ್ಚು ಸುರಕ್ಷಿತ ಅಂತ ಹೇಳಿತು. ಅದೇ ವರ್ಷ ಅಲ್ಲಿಯ ವಿಮಾನಯಾನ ಪ್ರಾಧಿಕಾರ ಇಂಥ ಹಾರಾಟಗಳಿಗೆ ಪೈಲಟ್‌ಗಳ ಅನುಭವ, ವಿಮಾನದ ತಪಾಸಣೆ ಬಗ್ಗೆ ಬೇರೆ ನಿಯಮಗಳನ್ನೂ ತಂದಿತು.

ಒಳ್ಳೆಯ ಸಂಸ್ಥೆಗಳು ಪೈಲಟ್ ಕೈ ಕಟ್ಟದಂತೆ ಮೊದಲೇ ದಾರಿ ಮಾಡಿಡುತ್ತವೆ. ಹವೆ ಕೆಟ್ಟರೆ ಬಸ್ಸು, ಕಾರು ಅಥವಾ ಏರ್‌ಲೈನ್ ಟಿಕೆಟ್ ಸಿದ್ಧ ಇರುತ್ತದೆ. ಹಾರಾಟ ಯಾವಾಗ ಬೇಕಾದರೂ ರದ್ದಾಗಬಹುದು ಅಂತ ರೋಗಿಗೆ ಮೊದಲೇ ಹೇಳಿರುತ್ತಾರೆ. ಮೆಕ್ಸಿಕೊದಲ್ಲಂತೂ ಹೀಗೆ ಕಣ್ಣಿಂದ ನೋಡಿಕೊಂಡು ಮಾಡುವ ಹಾರಾಟ ರಾತ್ರಿ ಮಾಡುವಂತೆಯೇ ಇಲ್ಲ. ಸಾಲಲ್ಲಿ ಇನ್ನೂ ಹತ್ತು ರೋಗಿಗಳಿದ್ದರೂ ಸೂರ್ಯ ಮುಳುಗುವುದರೊಳಗೆ ಇಳಿಯುವ ಲೆಕ್ಕ ಹಾಕಿ ಹೊರಡಬೇಕು, ಇಲ್ಲವೇ ಅಲ್ಲೇ ಉಳಿಯಬೇಕು. ಆ ಹತ್ತು ಜನರ ಹೆಸರು ಬರೆದಿಟ್ಟುಕೊಂಡು ಮುಂದಿನ ತಿಂಗಳು ಮೊದಲು ಕರೆಯುವುದು ಮತ್ತೆ ಊರಿನವರ ಕೆಲಸ.

ವಿಮಾನ ಇದೆ ಅಂತ ಹೋಗಿಬಿಡಬಹುದಾ?

ಹೋಗಬಾರದು. ಹೆಲೀನ್ ಆದ ಮೇಲೆ ಬೆಟ್ಟಗಳ ಮೇಲೆ ಸೇನೆಯ ಹೆಲಿಕಾಪ್ಟರ್, ರಕ್ಷಣಾ ತಂಡ, ಡ್ರೋನ್, ಖಾಸಗಿ ವಿಮಾನ ಎಲ್ಲ ಒಟ್ಟಿಗೆ ಸೇರಿದವು. ಇಳಿಯುವ ಪಟ್ಟಿ ಒಂದೇ, ಗೋಪುರದಿಂದ ದಾರಿ ಹೇಳುವವರಿಲ್ಲದ ನಿಲ್ದಾಣಗಳು, ಸುತ್ತ ಬೆಟ್ಟ. ಹಾಗಾಗಿ ಕೆಲವು ನಿಲ್ದಾಣಗಳಲ್ಲಿ ಇಳಿಯಲು ಮೊದಲೇ ಅನುಮತಿ ಪಡೆದು ಸಮಯ ಗೊತ್ತುಮಾಡಿಕೊಳ್ಳಬೇಕಿತ್ತು.

2017ರಲ್ಲಿ ಟೆಕ್ಸಸ್‌ನ ಹಾರ್ವೆ ಚಂಡಮಾರುತದ ಹೊತ್ತಿಗೆ ಹುಟ್ಟಿದ ಆಪರೇಷನ್ ಏರ್‌ಡ್ರಾಪ್‌ನಂಥ ಸಂಸ್ಥೆಗಳು ಮಾಡುವುದು ಇದೇ ಜೋಡಣೆ. ಯಾವ ಊರಿಗೆ ಏನು ಬೇಕು, ಅಲ್ಲಿ ಇಳಿಸಿಕೊಳ್ಳುವವರು ಯಾರು, ಯಾವ ಪೈಲಟ್‌ಗೆ ಬೆಟ್ಟದ ಹಾರಾಟದ ಅನುಭವ ಇದೆ, ಇದನ್ನೆಲ್ಲ ಒಂದು ಕಡೆ ಕೂತು ಹೊಂದಿಸುತ್ತಾರೆ. ಒಬ್ಬ ಪೈಲಟ್ ಹಿಂದೆ ಹ್ಯಾಂಗರ್‌ನಲ್ಲಿ ಡಬ್ಬ ತೂಗುವವರು, ಫೋನ್ ಹಿಡಿದವರು, ಪಟ್ಟಿ ಬರೆಯುವವರು ಹತ್ತಾರು ಜನ.

ನಮ್ಮಲ್ಲಿ ಯಾಕಿಲ್ಲ?

ಭಾರತದಲ್ಲಿ ಸ್ವಂತ ವಿಮಾನ ಇಟ್ಟುಕೊಂಡ ಹವ್ಯಾಸಿಗಳು ತೀರಾ ಕಡಿಮೆ. ಕಲಿಯುವವರಲ್ಲಿ ಹೆಚ್ಚಿನವರ ಕಣ್ಣು ಏರ್‌ಲೈನ್ ಕೆಲಸದ ಮೇಲೆ. ಸಣ್ಣ ಊರುಗಳಲ್ಲಿ ಇಳಿಯಲು ಪಟ್ಟಿಗಳೂ ಕಡಿಮೆ. ಆದರೆ ದೂರದ ಊರಿಗೆ ಡಾಕ್ಟರನ್ನು ಒಯ್ಯುವ ಯೋಚನೆ ಇಲ್ಲೂ ಇದೆ, ವಾಹನ ಬೇರೆ. 1991ರಲ್ಲಿ ಶುರುವಾದ ಲೈಫ್‌ಲೈನ್ ಎಕ್ಸ್‌ಪ್ರೆಸ್ ಅನ್ನೋದು ಆಪರೇಷನ್ ಥಿಯೇಟರ್ ಇರುವ ರೈಲು. ನಮ್ಮಲ್ಲಿ ರನ್‌ವೇ ಇಲ್ಲದ ಊರಿಗೂ ಹಳಿ ಇದೆಯಲ್ಲ. ಅಸ್ಸಾಮಿನ ಬ್ರಹ್ಮಪುತ್ರದ ನಡುಗಡ್ಡೆಗಳಿಗೆ 2005ರಿಂದ ದೋಣಿ ಕ್ಲಿನಿಕ್‌ಗಳು ಹೋಗುತ್ತಿವೆ.

ಕ್ಲಬ್‌ಗಳ ಕೆಲಸ ಅಂತೂ ನಮ್ಮ ಮನೆಬಾಗಿಲಿಗೇ ಬಂದಿತ್ತು. ಪೋಲಿಯೊ ಹನಿ ಹಾಕಿಸುವ ಭಾನುವಾರಗಳಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಬೂತುಗಳಲ್ಲಿ ರೋಟರಿಯವರೂ ಇರುತ್ತಿದ್ದರು. ರೋಟರಿ ಪೋಲಿಯೊ ಕೆಲಸಕ್ಕೆ ಕೈ ಹಾಕಿದ್ದು 1985ರಲ್ಲಿ. ನೈಸರ್ಗಿಕ ಪೋಲಿಯೊ ವೈರಸ್‌ನಿಂದ ದೇಶದಲ್ಲಾದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆಯಾಯಿತು. ಅದಕ್ಕೆ ವಿಮಾನ ಬೇಕಾಗಲಿಲ್ಲ. ಮನೆ ಮನೆ ಎಣಿಸಿ, ತಪ್ಪಿಹೋದ ಮಗುವನ್ನು ಹುಡುಕಿಕೊಂಡು ಮತ್ತೆ ಹೋಗುವವರು ಬೇಕಾಗಿತ್ತು.

ಗೆಳೆಯರಿಗೆ ಹೇಳಿದ್ದು

ಅಕ್ಕಿ ಬೇಡ, ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳಿ ಅಂದೆ. ಅಕ್ಕಿ ಬೇಯಿಸೋಕೆ ನೀರು, ಒಲೆ, ಪಾತ್ರೆ ಬೇಕು. ಕರೆಂಟು, ನೀರು ಎರಡೂ ಇಲ್ಲದ ಮನೆಗೆ ಅದು ಈ ವಾರದ ವಸ್ತುವಲ್ಲ. ದುಡ್ಡು ಕೊಡುವುದಾದರೆ ಅಲ್ಲೇ ಊರಲ್ಲಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಗೆ ಕೊಡಿ. ಸಾಮಾನೇ ಕೊಡುವುದಾದರೆ ಒಂದು ಡಬ್ಬದಲ್ಲಿ ಒಂದೇ ಬಗೆಯ ವಸ್ತು ಹಾಕಿ, ತೂಕ ನೋಡಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಬಟ್ಟೆ, ಬಿಸ್ಕತ್ತು, ಔಷಧಿ ಒಂದೇ ಡಬ್ಬದಲ್ಲಿದ್ದರೆ ಅದನ್ನು ಬಿಚ್ಚಿ ವಿಂಗಡಿಸಲು ಇನ್ನೊಬ್ಬರು ಕೂರಬೇಕು.

ಅವರು ಕೇಳಿದರು, ಬೇಕಾದ್ದು ಡೈಪರ್ ಅಂತ ಉತ್ತರ ಬಂತು. ಶನಿವಾರ ಎರಡು ಕಾರಿನಲ್ಲಿ ಡೈಪರ್ ಒಯ್ದು, ಹಾಗೇ ಸಂಜೆವರೆಗೂ ನಿಂತು ಬೇರೆಯವರು ತಂದ ಡಬ್ಬಗಳನ್ನೂ ಬಚ್ಚಲುಮನೆಯ ತೂಕದ ಯಂತ್ರದ ಮೇಲಿಟ್ಟು ತೂಗಿ ಬರೆದರಂತೆ. ಅಕ್ಕಿ ಚೀಲ ಗ್ಯಾರೇಜಿನಲ್ಲೇ ಇತ್ತು. ಕೆಲವು ವಾರದ ಮೇಲೆ ರಸ್ತೆ ತೆರೆದ ಒಂದು ಊರಿನ ಸಮುದಾಯದ ಅಡುಗೆಮನೆಗೆ ಅದು ಲಾರಿಯಲ್ಲಿ ಹೋಯಿತು.